ಹಾನ್ಲೆಯ ಕತ್ತಲಿಗೆ ಯಾವ ಕ್ಯಾಮೆರಾ?

‘ನಕ್ಷತ್ರಗಳ ಫೋಟೊ ತೆಗೀಬೇಕು ಅಂತಿದ್ದೀನಿ, ಯಾವ ಕ್ಯಾಮೆರಾ ತಗೊಳ್ಲಿ?’

ಲಡಾಖ್‌ನ ಹಾನ್ಲೆಗೆ ಹೋಗಿ ಬಂದು ನಾಲ್ಕು ಫೋಟೊ ಸ್ಟೇಟಸ್‌ಗೆ ಹಾಕಿದ ಮೇಲೆ ಆಫೀಸಿನಲ್ಲಿ ಈ ಪ್ರಶ್ನೆ ಕೇಳದವರೇ ಕಡಿಮೆ. ಲಂಚ್ ಟೇಬಲ್ಲಿನಲ್ಲಿ ಕೇಳ್ತಾರೆ, ಮೀಟಿಂಗ್ ಮುಗಿಯೋ ಹೊತ್ತಿಗೆ ಮ್ಯೂಟ್ ತೆಗೆದು ಕೇಳ್ತಾರೆ. ನಾನು ಎಲ್ಲರಿಗೂ ತಿರುಗಿ ಕೇಳೋದು ಒಂದೇ: ಎಲ್ಲಿ ನಿಂತು ತೆಗೀತೀರಿ?

ಅಸಲಿಗೆ ಈ ಪ್ರಶ್ನೆ ನನ್ನ ಹೆಂಡತಿಯದು. ಬೋನಸ್ಸು, ಒಂದಿಷ್ಟು ಉಳಿತಾಯ ಸೇರಿ ನಮ್ಮ ಕೈಯಲ್ಲಿ ಒಂದೂವರೆ ಲಕ್ಷ ರೂಪಾಯಿ ಇತ್ತು. ಫೋಟೊಗ್ರಫಿ ಹುಚ್ಚಿರುವ ಗೆಳೆಯನೊಬ್ಬ, ‘ಫುಲ್‌ಫ್ರೇಮ್ ಬಿಟ್ಟು ಬೇರೇನೂ ನೋಡಬೇಡ ಮಗಾ, ರಾತ್ರಿಗೆ ದೊಡ್ಡ ಸೆನ್ಸರ್ರೇ ಬೇಕು’ ಅಂತ ಲಿಂಕ್ ಮೇಲೆ ಲಿಂಕ್ ಕಳಿಸ್ತಿದ್ದ. ಬಾಡಿ, ಲೆನ್ಸ್ ಎರಡನ್ನೂ ಕಾರ್ಟ್‌ಗೆ ಹಾಕಿದರೆ ದುಡ್ಡು ಅಲ್ಲಿಗೆ ಸರಿಹೋಗ್ತಿತ್ತು. ಪಕ್ಕದಲ್ಲಿ ಕೂತು ನೋಡ್ತಿದ್ದ ಇವಳು ಕೇಳಿದ್ದು ಇಷ್ಟೇ: ‘ಎಲ್ಲಾ ಸರಿ, ಇದನ್ನ ತಗೊಂಡು ಎಲ್ಲಿ ಇಡ್ತೀಯ? ಟೆರೇಸ್ ಮೇಲೆ, ನೀರಿನ ಟ್ಯಾಂಕ್ ಪಕ್ಕನಾ?’

ನಮ್ಮ ಮನೆ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ. ಗೆಳೆಯನ ಫುಲ್‌ಫ್ರೇಮ್ ಕ್ಯಾಮೆರಾವನ್ನೇ ಒಂದು ರಾತ್ರಿ ತಂದು ಟೆರೇಸಿನಲ್ಲಿ ನಿಲ್ಲಿಸಿದೆ. 15 ಸೆಕೆಂಡಿನ ಎಕ್ಸ್‌ಪೋಶರ್ ಕೊಟ್ಟರೆ ಇಡೀ ಚಿತ್ರ ಸುಣ್ಣ ಹೊಡೆದ ಗೋಡೆ. ಎರಡು ಸೆಕೆಂಡಿಗೆ ಇಳಿಸಿದರೆ ಬೂದು ಬಣ್ಣದ ಹಿನ್ನೆಲೆಯಲ್ಲಿ ಹತ್ತಿಪ್ಪತ್ತು ಚುಕ್ಕೆ. ಇದರಲ್ಲಿ ಕ್ಯಾಮೆರಾದ ತಪ್ಪೇನೂ ಇಲ್ಲ. ಬೀದಿದೀಪ, ಮಾಲ್, ಕಟ್ಟಡ ಕಟ್ಟೋ ಜಾಗದ ಫ್ಲಡ್‌ಲೈಟು ಎಲ್ಲಾ ಸೇರಿ ಧೂಳಿಗೆ ಬಡಿದು ವಾಪಸ್ ಬರೋ ಬೆಳಕನ್ನೂ ಸೆನ್ಸರ್ ಅಷ್ಟೇ ನಿಷ್ಠೆಯಿಂದ ಸಂಗ್ರಹಿಸುತ್ತದೆ. ಎರಡು ಲಕ್ಷದ ಕ್ಯಾಮೆರಾ ಆ ಬೆಳಕನ್ನು ಇನ್ನೂ ಚೆನ್ನಾಗಿ ಸಂಗ್ರಹಿಸುತ್ತದೆ, ಅಷ್ಟೇ.

ಆಕಾಶದ ಕತ್ತಲನ್ನು ಅಳೆಯೋಕೆ ಬಾರ್ಟಲ್ ಮಾಪಕ ಅಂತ ಒಂದಿದೆ. ಜಾನ್ ಬಾರ್ಟಲ್ ಎಂಬ ಅಮೆರಿಕದ ಹವ್ಯಾಸಿ ಖಗೋಳ ವೀಕ್ಷಕ 2001ರಲ್ಲಿ ಇದನ್ನು ಪ್ರಕಟಿಸಿದರು. 1 ಅಂದರೆ ಅಪ್ಪಟ ಕತ್ತಲು, 9 ಅಂದರೆ ಮಹಾನಗರದ ನಡುಮಧ್ಯ. ಬೆಂಗಳೂರು 8–9ರಲ್ಲಿದೆ, ಹಾನ್ಲೆ 1ರಲ್ಲಿ. ಎರಡು ಆಕಾಶಗಳ ಬೆಳಕಿಗೆ ಹತ್ತಾರು ಪಟ್ಟು ವ್ಯತ್ಯಾಸ. ಯಾವ ಕಂಪನಿಯ ಯಾವ ಮಾಡೆಲ್ಲಿಗೆ ಅಪ್‌ಗ್ರೇಡ್ ಆದರೂ ಇಷ್ಟು ಲಾಭ ಸಿಗೋದಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ತೀರ್ಮಾನ ಆಯ್ತು: ದುಡ್ಡಿನ ದೊಡ್ಡ ಪಾಲು ಕತ್ತಲಿಗೆ, ಉಳಿದಿದ್ದು ಕ್ಯಾಮೆರಾಗೆ.

ಅಷ್ಟು ದೂರ ಯಾಕೆ, ಕರ್ನಾಟಕದಲ್ಲಿ ಕತ್ತಲಿಲ್ವಾ ಅಂತ ಕೇಳಬಹುದು. ಇಲ್ಲೊಂದು ತಮಾಷೆ ಇದೆ. ಆಕಾಶಗಂಗೆಯ ಅತಿ ಪ್ರಕಾಶಮಾನ ಭಾಗ, ಅಂದರೆ ಅದರ ನಡುಭಾಗ, ಧನು ರಾಶಿಯ ಕಡೆ ದಕ್ಷಿಣದಲ್ಲಿದೆ. ನೀವು ಉತ್ತರಕ್ಕೆ ಹೋದಷ್ಟೂ ಅದು ಕೆಳಗಿಳಿಯುತ್ತದೆ. 13 ಡಿಗ್ರಿ ಅಕ್ಷಾಂಶದ ಬೆಂಗಳೂರಿನಲ್ಲಿ ಅದು ದಿಗಂತದಿಂದ 48 ಡಿಗ್ರಿ ಮೇಲೇರಿದರೆ, 33ರ ಹತ್ತಿರ ಇರೋ ಹಾನ್ಲೆಯಲ್ಲಿ 28 ಡಿಗ್ರಿಗೇ ನಿಲ್ಲುತ್ತದೆ. ನಮ್ಮಲ್ಲಿ ಏಪ್ರಿಲ್–ಮೇನಲ್ಲಿ ಕಾಣುವ ತ್ರಿಶಂಕು ಹಾನ್ಲೆಯಲ್ಲಿ ದಿಗಂತ ದಾಟಿ ಮೇಲೆ ಬರೋದೇ ಇಲ್ಲ. ಲೆಕ್ಕದ ಪ್ರಕಾರ ಆಕಾಶಗಂಗೆಗೆ ನಾವೇ ಒಳ್ಳೆ ಸೀಟಿನಲ್ಲಿ ಕೂತಿರೋದು. ತೊಂದರೆ ಎಂದರೆ, ಆಕಾಶಗಂಗೆ ಸಂಜೆ ಹೊತ್ತಿಗೇ ಕಾಣಿಸಿಕೊಳ್ಳುವ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆಗಾಲ. ಹಿಮಾಲಯದ ಆಚೆ ಮಳೆಯ ಮರೆಯಲ್ಲಿರೋ ಲಡಾಖ್‌ನಲ್ಲಿ ಅದೇ ತಿಂಗಳುಗಳಲ್ಲಿ ಆಕಾಶ ತೆರೆದಿರುತ್ತದೆ, ರಸ್ತೆಯೂ ತೆರೆದಿರುತ್ತದೆ. ನಮಗೆ ರಜೆ ಸಿಕ್ಕಿದ್ದು ಆಗಸ್ಟ್‌ನಲ್ಲಿ. ಹಾನ್ಲೆ ಅಂತ ಗಟ್ಟಿಯಾಯ್ತು.

ಜಾಗ ಗಟ್ಟಿಯಾದ ಮೇಲೆ ಕ್ಯಾಮೆರಾದ ವಿಷಯ ಬಹಳ ಸುಲಭ ಆಯ್ತು. ಸ್ವಲ್ಪ ಲೆಕ್ಕ ಇದೆ, ತಾಳ್ಮೆ ಇರಲಿ.

ಫುಲ್‌ಫ್ರೇಮ್ ಸೆನ್ಸರಿನ ಅಳತೆ 36 x 24 ಮಿಲಿಮೀಟರ್. ಅಗ್ಗದ ಕ್ಯಾಮೆರಾಗಳಲ್ಲಿರುವ ಕ್ರಾಪ್ ಸೆನ್ಸರ್ ಸುಮಾರು 23.5 x 15.6. ವಿಸ್ತೀರ್ಣದಲ್ಲಿ ಹೆಚ್ಚುಕಡಿಮೆ 2.4 ಪಟ್ಟು ವ್ಯತ್ಯಾಸ. ಬೆಳಕು ಅಷ್ಟು ಜಾಸ್ತಿ ಬಿದ್ದರೂ ಚಿತ್ರದ ಸ್ವಚ್ಛತೆ ಹೆಚ್ಚೋದು ಅದರ ವರ್ಗಮೂಲದಷ್ಟೇ, ಅಂದರೆ ಒಂದೂವರೆ ಪಟ್ಟು. ಈಗ ಲೆನ್ಸ್ ನೋಡಿ. ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸಿನ ಕಿಂಡಿ ಹೆಚ್ಚೆಂದರೆ ಎಫ್ 3.5 ತೆರೆಯುತ್ತದೆ. ಅದನ್ನು ತೆಗೆದು ಎಫ್ 2ರ ಲೆನ್ಸ್ ಹಾಕಿದರೆ ಮೂರು ಪಟ್ಟು ಬೆಳಕು. ಅಂದರೆ ಲೆನ್ಸ್ ಒಂದನ್ನು ಬದಲಿಸಿದರೆ ಸಿಗೋ ಲಾಭ, ಸೆನ್ಸರ್ ಬದಲಿಸೋದಕ್ಕಿಂತ ಜಾಸ್ತಿ, ಖರ್ಚು ಎಷ್ಟೋ ಕಮ್ಮಿ. ಮೂರನೆಯದು ಬಿಟ್ಟಿ: ಒಂದೇ ಜಾಗದ 16 ಫೋಟೊ ತೆಗೆದು ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಜೋಡಿಸಿದರೆ ನಾಯ್ಸ್, ಅಂದರೆ ಆ ಕಾಳುಕಾಳು, ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಸೆನ್ಸರಿನ ಒಂದೂವರೆ ಪಟ್ಟು ಈ ನಾಲ್ಕು ಪಟ್ಟಿನ ಮುಂದೆ ಏನು ಮಹಾ?

ಫುಲ್‌ಫ್ರೇಮ್ ಕೆಟ್ಟದ್ದು ಅಂತ ಹೇಳ್ತಿಲ್ಲ. ದುಡ್ಡಿದ್ದವರು ತಗೊಳ್ಳಲಿ, ಅದಕ್ಕೂ ಫೋಟೊ ಜೋಡಿಸೋ ಉಪಾಯ ನಡೆಯುತ್ತೆ. ಆದರೆ ಮೊದಲ ಕ್ಯಾಮೆರಾಗೆ ಇಎಂಐ ಕಟ್ಟಿ ಮನೆಯಲ್ಲೇ ಕೂರೋದು ನನಗೆ ಒಪ್ಪಿಗೆಯಾಗಲಿಲ್ಲ. ಸೋನಿ ಎ6000 ಎಂಬ 2014ರ ಮಾಡೆಲ್ ಸೆಕೆಂಡ್‌ಹ್ಯಾಂಡ್ ಬಾಡಿ 28,000ಕ್ಕೆ ಸಿಕ್ಕಿತು. 24 ಮೆಗಾಪಿಕ್ಸೆಲ್, ಕ್ರಾಪ್ ಸೆನ್ಸರ್. ನೀವು ನಿಕಾನ್, ಕ್ಯಾನನ್, ಫ್ಯೂಜಿ ಯಾವುದೇ ನೋಡಿದರೂ ಗಮನಿಸಬೇಕಾದ್ದು ಕೆಲವೇ: ಪೂರ್ತಿ ಮ್ಯಾನ್ಯುಯಲ್ ಮೋಡ್ ಇರಬೇಕು, ಫೋಟೊ ‘ರಾ’ ಫೈಲಿನಲ್ಲಿ ಉಳಿಸುವಂತಿರಬೇಕು, ಮತ್ತು ಫೋಕಸ್ ಮಾಡುವಾಗ ಪರದೆಯ ಮೇಲಿನ ಚಿತ್ರವನ್ನು ಹತ್ತು ಪಟ್ಟಾದರೂ ಹಿಗ್ಗಿಸಿ ನೋಡೋ ಹಾಗಿರಬೇಕು. ಆಟೊಫೋಕಸ್ ಎಷ್ಟು ಚುರುಕು, ವಿಡಿಯೊ 4ಕೆ ಇದೆಯಾ, ಸೆಕೆಂಡಿಗೆ ಎಷ್ಟು ಫೋಟೊ ಅನ್ನೋದು ಯಾವುದೂ ನಕ್ಷತ್ರಕ್ಕೆ ಬೇಕಿಲ್ಲ. ನಕ್ಷತ್ರ ಎಲ್ಲೂ ಓಡಿ ಹೋಗೋದಿಲ್ಲ.

ಓಡೋದು ಭೂಮಿ. ಅದೇ ಲೆನ್ಸಿನ ಆಯ್ಕೆಯನ್ನು ನಿರ್ಧರಿಸೋದು. ಭೂಮಿ ತಿರುಗೋದರಿಂದ ನಕ್ಷತ್ರಗಳು ಸರಿಯುತ್ತಲೇ ಇರುತ್ತವೆ, ಶಟರ್ ಜಾಸ್ತಿ ಹೊತ್ತು ತೆರೆದಿಟ್ಟರೆ ಚುಕ್ಕೆ ಇದ್ದದ್ದು ಗೀಟಾಗುತ್ತದೆ. ಇದಕ್ಕೆ ಹಳಬರು ಹೇಳೋದು 500ರ ನಿಯಮ: 500ನ್ನು ಲೆನ್ಸಿನ ಫೋಕಲ್ ಲೆಂಗ್ತಿನಿಂದ ಭಾಗಿಸಿ, ಬಂದಷ್ಟು ಸೆಕೆಂಡು. ಇದು ಫಿಲಂ ಕಾಲಕ್ಕೆ ಸರಿ. ಇವತ್ತಿನ 24 ಮೆಗಾಪಿಕ್ಸೆಲ್ ಸೆನ್ಸರಿಗೆ 300 ಇಟ್ಟುಕೊಳ್ಳೋದು ವಾಸಿ. ಕ್ರಾಪ್ ಸೆನ್ಸರ್ ಆದರೆ ಫೋಕಲ್ ಲೆಂಗ್ತನ್ನು ಮೊದಲು 1.5ರಿಂದ ಗುಣಿಸಬೇಕು (ಕ್ಯಾನನ್‌ಗೆ 1.6). 12 ಎಂಎಂ ಲೆನ್ಸಿಗೆ ಸುಮಾರು 16 ಸೆಕೆಂಡು ಬರುತ್ತದೆ. 50 ಎಂಎಂಗೆ ಬರೀ 4. ಅಗಲವಾದ ಲೆನ್ಸೇ ಮೊದಲು ಬೇಕು ಅನ್ನೋದು ಇದಕ್ಕೇ.

ನನ್ನ ಮುಂದೆ ಉಳಿದದ್ದು ಎರಡು. ಸಿಗ್ಮಾ 16 ಎಂಎಂ ಎಫ್ 1.4 ಮತ್ತು ಸಮ್ಯಾಂಗ್ 12 ಎಂಎಂ ಎಫ್ 2. ಕಾಗದದ ಮೇಲೆ ಸಿಗ್ಮಾನೇ ಗೆಲ್ಲಬೇಕು, ಬೆಳಕು ಎರಡು ಪಟ್ಟು. ನಾನು ಸಮ್ಯಾಂಗ್ ತಗೊಂಡೆ, ಸೆಕೆಂಡ್‌ಹ್ಯಾಂಡಿನಲ್ಲಿ 24,000ಕ್ಕೆ. ಅದರಲ್ಲಿ ಆಟೊಫೋಕಸ್ ಇಲ್ಲ. ಫೋಕಸ್ ರಿಂಗ್ ತಿರುಗಿಸಿದರೆ ಒಳಗಿನ ಗಾಜು ನಿಜವಾಗಿಯೂ ತಿರುಗುತ್ತದೆ, ಬಿಟ್ಟ ಕಡೆ ನಿಲ್ಲುತ್ತದೆ. ಒಂದು ಸಲ ನಕ್ಷತ್ರಕ್ಕೆ ಕೂರಿಸಿ ಟೇಪ್ ಹಚ್ಚಿಬಿಟ್ಟರೆ ಬೆಳಗಿನವರೆಗೂ ಅಲ್ಲೇ. ಈಗಿನ ಬಹುಪಾಲು ಆಟೊಫೋಕಸ್ ಲೆನ್ಸ್‌ಗಳಲ್ಲಿ ರಿಂಗ್ ತಿರುಗಿಸಿದರೆ ಒಳಗಿನ ಮೋಟಾರಿಗೆ ಸಂದೇಶ ಹೋಗುತ್ತದೆ ಅಷ್ಟೇ. ಬ್ಯಾಟರಿ ಬದಲಿಸಿದರೆ ಫೋಕಸ್ಸನ್ನು ಮತ್ತೆ ಹುಡುಕಬೇಕಾಗಬಹುದು. ಕೊರೆಯೋ ಚಳಿಯಲ್ಲಿ, ಗ್ಲೌಸ್ ಹಾಕಿದ ಬೆರಳಲ್ಲಿ ಈ ಕೆಲಸ ಎರಡೆರಡು ಸಲ ಯಾರಿಗೆ ಬೇಕು? ಫೋಟೊಗಿಂತ ಜಾಸ್ತಿ ಯೋಚಿಸಬೇಕಾದ್ದು ರಾತ್ರಿ ಎರಡು ಗಂಟೆಗೆ ನಿಮ್ಮ ಕೈ ಹೇಗಿರುತ್ತೆ ಅಂತ.

ಉಳಿದದ್ದಕ್ಕೆ ಬೇಗ ಹೇಳಿ ಮುಗಿಸ್ತೀನಿ. ಟ್ರೈಪಾಡ್ 8,000. ಇಲ್ಲಿ ಮಾತ್ರ ಜಿಪುಣತನ ಬೇಡ, ಗಾಳಿಗೆ ಅಲ್ಲಾಡೋ ಟ್ರೈಪಾಡ್ ಇದ್ದರೆ ಯಾವ ಲೆನ್ಸೂ ಕಾಪಾಡೋದಿಲ್ಲ. ಕ್ಯಾಮೆರಾ ಮುಟ್ಟದೆ ಸಾಲಾಗಿ ಫೋಟೊ ತೆಗೆಯೋ ತಂತಿಯ ರಿಮೋಟ್, ಹೆಚ್ಚುವರಿ ಬ್ಯಾಟರಿ, ಕೆಂಪು ಬೆಳಕಿನ ಹೆಡ್‌ಲ್ಯಾಂಪ್, ಎಲ್ಲಾ ಸೇರಿ 5,000. ಒಟ್ಟು 65,000. ಮಿಕ್ಕ 85,000 ಇಬ್ಬರ ಪ್ರಯಾಣಕ್ಕೆ.

ಫೋಟೊಗೆ ಚಂದ್ರ ಇರಬಾರದು, ಹಾಗಾಗಿ ಅಮಾವಾಸ್ಯೆಯ ಆಸುಪಾಸೇ ಹೋಗಬೇಕು. 2024ರ ಆಗಸ್ಟ್ 4 ಅಮಾವಾಸ್ಯೆ, ಅದರಲ್ಲೂ ಭೀಮನ ಅಮಾವಾಸ್ಯೆ. ನಮ್ಮ ಅತ್ತೆಯವರಿಗೆ ಇದು ಸರಿ ಬರಲಿಲ್ಲ. ‘ಮದುವೆಯಾಗಿ ಎರಡನೇ ವರ್ಷ, ಪೂಜೆ ಬಿಟ್ಟು ಅಮಾವಾಸ್ಯೆ ದಿನ ಯಾರಾದ್ರೂ ಪ್ರಯಾಣ ಹೋಗ್ತಾರೇನಮ್ಮಾ?’ ಅಂದರು. ಇವಳು, ‘ಅಮ್ಮ, ಗಂಡನ್ನ ಕರ್ಕೊಂಡೇ ಹೋಗ್ತಿದ್ದೀನಲ್ಲ, ಅಲ್ಲೇ ಮಾಡ್ತೀನಿ’ ಅಂತ ಅರಿಶಿನ ದಾರ, ಒಂದು ಪೊಟ್ಟಣ ಕುಂಕುಮ ಬ್ಯಾಗಿಗೆ ಹಾಕಿಕೊಂಡಳು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿ ನಿವೃತ್ತರಾದ ನಮ್ಮಪ್ಪನದು ಬೇರೆ ತಕರಾರು. ‘ಕರೆಂಟಿಲ್ಲದ ಕತ್ತಲು ನೋಡೋಕೆ ಅಷ್ಟು ದುಡ್ಡು ಕೊಟ್ಟು ವಿಮಾನದಲ್ಲಿ ಹೋಗಬೇಕಾ? ನಮ್ಮೂರಲ್ಲಿ ವಾರಕ್ಕೆ ಮೂರು ದಿನ ಪುಕ್ಕಟೆ ಸಿಗುತ್ತೆ.’

ದೆಹಲಿ ಮೇಲೆ ಹಾದು ಲೇಹ್‌ಗೆ ಇಳಿದೆವು. ಲೇಹ್ 3,500 ಮೀಟರ್ ಎತ್ತರದಲ್ಲಿದೆ. ಇಳಿದ ದಿನವೇ ಓಡಾಡೋಕೆ ಹೋಗಬೇಡಿ, ಕನಿಷ್ಠ ಎರಡು ದಿನ ಮಲಗಿ, ನೀರು ಕುಡಿದು, ದೇಹ ಒಗ್ಗಿಕೊಳ್ಳೋಕೆ ಬಿಡಿ. ಹಾನ್ಲೆ ಇನ್ನೂ ಮೇಲಿದೆ, ಅಲ್ಲಿನ ವೀಕ್ಷಣಾಲಯ ಇರೋದು 4,500 ಮೀಟರಿನಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿ ಇರುವುದರ ಶೇ 60ಕ್ಕಿಂತ ಕಮ್ಮಿ. ನಕ್ಷತ್ರ ನೋಡೋಕೆ ಅದು ವರ, ಮೆಟ್ಟಿಲು ಹತ್ತೋಕೆ ಶಾಪ. ಪರವಾನಗಿಯ ನಿಯಮಗಳು ಆಗಾಗ ಬದಲಾಗ್ತಿರುತ್ತವೆ, ಚೀನಾ ಗಡಿ ಹತ್ತಿರದ ಜಾಗ ಬೇರೆ. ಲೇಹ್‌ನಲ್ಲೇ ಟ್ಯಾಕ್ಸಿಯವರ ಹತ್ತಿರ ವಿಚಾರಿಸಿ ಮಾಡಿಸಿಕೊಳ್ಳಿ. ಡ್ರೋನ್ ಮನೆಯಲ್ಲೇ ಬಿಡಿ.

ಲೇಹ್‌ನಿಂದ ಹಾನ್ಲೆಗೆ 250 ಕಿಲೋಮೀಟರ್ ಮೇಲೆ. ಬಹುದೂರ ಸಿಂಧೂ ನದಿಯ ಪಕ್ಕದಲ್ಲೇ ರಸ್ತೆ. ಚುಮಾಥಾಂಗ್‌ನಲ್ಲಿ ನದಿ ದಂಡೆಯಲ್ಲೇ ನೆಲದಿಂದ ಬಿಸಿನೀರು ಬುಸುಗುಡುತ್ತಾ ಬರುತ್ತದೆ. ನ್ಯೋಮಾ ದಾಟಿ ಲೋಮಾದ ಸೇತುವೆ ಹತ್ತಿರ ಸಿಂಧೂ ಬಿಟ್ಟು ದಕ್ಷಿಣಕ್ಕೆ ತಿರುಗಿದ ಮೇಲೆ ಬಯಲು ಅಂದರೆ ಬಯಲು. ಕಂದು ಬೆಟ್ಟ, ನಡುವೆ ತೇಪೆ ಹಚ್ಚಿದ ಹಾಗೆ ಹಸಿರು ಹುಲ್ಲು, ದೂರದಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಗುಂಪು. ಟ್ಯಾಕ್ಸಿಯನ್ನು ಪುಣೆಯ ಇನ್ನೊಂದು ಜೋಡಿಯೊಂದಿಗೆ ಹಂಚಿಕೊಂಡಿದ್ದೆವು. ನಾಲ್ಕೂ ಜನ ಮಾತು ನಿಲ್ಲಿಸಿ ಕಿಟಕಿಗೆ ಮುಖ ಒತ್ತಿ ಕೂತಿದ್ದೆವು.

ಹಾನ್ಲೆ ದೊಡ್ಡ ಊರೇನಲ್ಲ. ಗುಡ್ಡದ ಮೇಲೆ 17ನೇ ಶತಮಾನದ ಬೌದ್ಧ ವಿಹಾರ, ಕೆಳಗೆ ಹರಡಿಕೊಂಡ ಪುಟ್ಟ ಹಳ್ಳಿಗಳು, ಆಚೆ ದಿಬ್ಬದ ಮೇಲೆ ಬಿಳಿ ಗುಮ್ಮಟ. ಆ ಗುಮ್ಮಟದೊಳಗಿರೋದು ಹಿಮಾಲಯನ್ ಚಂದ್ರ ಟೆಲಿಸ್ಕೋಪ್. ಎರಡು ಮೀಟರ್ ಅಗಲದ ಕನ್ನಡಿ, 2000ದಲ್ಲಿ ಮೊದಲ ಬೆಳಕು ಕಂಡಿದ್ದು. ಇದನ್ನು ನಡೆಸೋದು ಬೆಂಗಳೂರಿನ ಕೋರಮಂಗಲದಲ್ಲಿರೋ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಖಗೋಳ ವಿಜ್ಞಾನಿಗಳು ವೀಕ್ಷಣೆ ಮಾಡೋಕೆ ಹಾನ್ಲೆಗೆ ಬರಬೇಕಿಲ್ಲ. ಹೊಸಕೋಟೆಯಲ್ಲಿರೋ ಸಂಸ್ಥೆಯ ಕೇಂದ್ರದಲ್ಲಿ ಕೂತು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿನ ದೂರದರ್ಶಕವನ್ನು ತಿರುಗಿಸ್ತಾರೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹೊಸಕೋಟೆಗೆ ಬಿರಿಯಾನಿ ತಿನ್ನೋಕೆ ಹೋಗಿರೋರು ನಮ್ಮ ಟೀಮಿನಲ್ಲೇ ಎಂಟು ಜನ ಇದ್ದಾರೆ. ಅದೇ ಹೊತ್ತಿಗೆ ಅದೇ ಊರಿನಲ್ಲಿ ಇನ್ಯಾರೋ ಲಡಾಖ್‌ನ ಆಕಾಶ ನೋಡ್ತಾ ಕೂತಿರಬಹುದು ಅಂದರೆ ಒಬ್ಬರೂ ನಂಬಲಿಲ್ಲ.

2022ರ ಡಿಸೆಂಬರ್‌ನಲ್ಲಿ ಲಡಾಖ್ ಆಡಳಿತ ಈ ಪ್ರದೇಶವನ್ನು ಕತ್ತಲ ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿತು. ವೀಕ್ಷಣಾಲಯದ ಸುತ್ತ 22 ಕಿಲೋಮೀಟರ್ ತ್ರಿಜ್ಯ. ಹಾಗಂತ ಅಪ್ಪ ಹೇಳಿದ ಹಾಗೆ ಕರೆಂಟಿಲ್ಲದ ಊರಲ್ಲ ಇದು. ಮನೆಗಳಲ್ಲಿ ದೀಪ ಇದೆ, ಟಿವಿ ಇದೆ. ಆದರೆ ಕಿಟಕಿಗಳಿಗೆ ದಪ್ಪ ಪರದೆ, ಹೊರಗಿನ ಬಲ್ಬಿಗೆ ನೆಲದ ಕಡೆ ಮುಖ ಮಾಡಿದ ಟೋಪಿ, ರಾತ್ರಿ ಗಾಡಿಗಳಿಗೆ ಹೈಬೀಮ್ ಇಲ್ಲ. ನಾವಿದ್ದ ಹೋಂಸ್ಟೇಯ ಅಜ್ಜಿ ಕತ್ತಲಾಗುತ್ತಿದ್ದಂತೆ ಒಂದೊಂದೇ ಪರದೆ ಎಳೆಯೋದನ್ನ ನೋಡೋದೇ ಚೆಂದ, ನಮ್ಮಲ್ಲಿ ಸಂಜೆ ದೀಪ ಹಚ್ಚಿದಷ್ಟೇ ಕ್ರಮಬದ್ಧವಾಗಿ.

ಮೊದಲ ರಾತ್ರಿ ಮೋಡ. ಒಂದೇ ಒಂದು ನಕ್ಷತ್ರ ಕಾಣಲಿಲ್ಲ. ಇದ್ದ ಮೂರು ರಾತ್ರಿಯಲ್ಲಿ ಒಂದು ಹೀಗೆ ಹೋಯ್ತು. ಹಾನ್ಲೆಗೆ ಒಂದೇ ರಾತ್ರಿ ಅಂತ ಪ್ಲಾನ್ ಮಾಡಬೇಡಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ.

ಊರಿನ 24 ಜನರಿಗೆ ಖಭೌತ ಸಂಸ್ಥೆಯವರು ತರಬೇತಿ ಕೊಟ್ಟು, ದೂರದರ್ಶಕಗಳನ್ನೂ ಕೊಟ್ಟಿದ್ದಾರೆ. ಬಂದವರಿಗೆ ಆಕಾಶ ತೋರಿಸೋದು ಅವರ ಸಂಪಾದನೆ. ಅವರಲ್ಲೊಬ್ಬಳು ಹುಡುಗಿ ಮೋಡ ಸರಿಯುತ್ತಾ ಅಂತ ನಮ್ಮ ಜೊತೆ ಕಾಯ್ತಾ ಕೂತಿದ್ದಳು. ನನ್ನ ಕ್ಯಾಮೆರಾ ಬ್ಯಾಗ್ ನೋಡಿ ಹಿಂದಿಯಲ್ಲಿ ಹೇಳಿದಳು: ‘ಭಯ್ಯಾ, ದೊಡ್ಡ ಊರಿಂದ ಬರೋರ ಕ್ಯಾಮೆರಾನೂ ದೊಡ್ಡದು, ಟಾರ್ಚೂ ದೊಡ್ಡದು.’ ಯಾರೋ ಒಬ್ಬರು ಬಿಳಿ ಟಾರ್ಚ್ ಹಾಕಿದರೆ ಅಲ್ಲಿ ನಿಂತ ಎಲ್ಲರ ಫೋಟೊ ಕೆಡುತ್ತದೆ, ಜೊತೆಗೆ ಎಲ್ಲರ ಕಣ್ಣೂ ಮತ್ತೆ ಕತ್ತಲಿಗೆ ಹೊಂದಿಕೊಳ್ಳೋಕೆ ಇಪ್ಪತ್ತು–ಮೂವತ್ತು ನಿಮಿಷ ಬೇಕು. ಕೆಂಪು ಬೆಳಕಿನ ಹೆಡ್‌ಲ್ಯಾಂಪಿಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿತು.

ಎರಡನೇ ದಿನ ಅಮಾವಾಸ್ಯೆ. ಸಂಜೆ ಇವಳ ಪೂಜೆ ಮುಗಿಯಿತು, ದಾರ ಕಟ್ಟಿಸಿಕೊಂಡಿದ್ದೂ ಆಯ್ತು. ಒಂಬತ್ತು ಗಂಟೆಗೆ ಹೊರಗೆ ಬಂದೆವು.

ಅದನ್ನು ಹೇಗೆ ಹೇಳಲಿ? ಮೊದಲು ಗೊತ್ತಾಗಿದ್ದು, ಆಕಾಶ ಕಪ್ಪಗಿಲ್ಲ ಅನ್ನೋದು. ಕಪ್ಪಗಿದ್ದದ್ದು ಬೆಟ್ಟಗಳು. ಅದರ ಮೇಲೆ ಆಕಾಶ ಬೂದಿ ಚೆಲ್ಲಿದ ಹಾಗೆ ತುಂಬಿಕೊಂಡಿತ್ತು. ಬೆಂಗಳೂರಿನಲ್ಲಿ ಕಷ್ಟಪಟ್ಟು ಕಲಿತಿದ್ದ ನಕ್ಷತ್ರಪುಂಜಗಳು ಒಂದೂ ಸಿಗಲಿಲ್ಲ, ನಡುವೆ ಅಷ್ಟು ಹೊಸ ಚುಕ್ಕೆಗಳು. ದಕ್ಷಿಣದಲ್ಲಿ ಬೆಟ್ಟದ ಅಂಚಿನಿಂದಲೇ ಆಕಾಶಗಂಗೆ ಎದ್ದು ನಮ್ಮ ತಲೆಯ ಮೇಲೆ ಹಾದು ಹಿಂದಕ್ಕೆ ಇಳಿದಿತ್ತು. ನಡುವಿನ ಕಪ್ಪು ಬಿರುಕುಗಳೂ ಬರಿಗಣ್ಣಿಗೇ ಕಾಣ್ತಿದ್ದವು. ಇವಳು ತುಂಬ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ‘ಇದು ದಿನಾ ನಮ್ಮ ಮನೆ ಮೇಲೂ ಇರುತ್ತಾ?’ ಅಂದಳು. ಇರುತ್ತೆ ಅಂದೆ.

ಕೆಲಸ ಶುರು ಮಾಡಿದೆ. ತಲೆಯ ಹತ್ತಿರವೇ ಹೊಳೆಯುತ್ತಿದ್ದ ಅಭಿಜಿತ್ ನಕ್ಷತ್ರಕ್ಕೆ ಲೆನ್ಸ್ ತಿರುಗಿಸಿ, ಪರದೆ ಹಿಗ್ಗಿಸಿ, ಚುಕ್ಕೆ ಅತಿ ಸಣ್ಣದಾಗೋವರೆಗೆ ರಿಂಗ್ ತಿರುಗಿಸಿ ಟೇಪ್ ಹಚ್ಚಿದೆ. ಲೆನ್ಸಿನ ಮೇಲಿರೋ ಅನಂತದ ಗುರುತನ್ನು ನಂಬಬೇಡಿ, ಅದು ಅಂದಾಜಿಗೆ. ಎಫ್ 2, 15 ಸೆಕೆಂಡ್, ಐಎಸ್‌ಒ 3200. ಈ ಸೆಟ್ಟಿಂಗನ್ನು ಬೆಂಗಳೂರಿನಲ್ಲೇ ಕ್ಯಾಮೆರಾದ ಮೆಮೊರಿಗೆ ಹಾಕಿಟ್ಟಿದ್ದೆ. ಆ ಎತ್ತರದಲ್ಲಿ ತಲೆ ನಿಧಾನಕ್ಕೆ ಓಡುತ್ತದೆ, ಮೆನು ಹುಡುಕ್ತಾ ಕೂರೋ ತಾಳ್ಮೆ ಇರೋದಿಲ್ಲ. ಇನ್ನೊಂದು: ಕತ್ತಲಲ್ಲಿ ಪರದೆಯ ಮೇಲೆ ಎಲ್ಲಾ ಫೋಟೊನೂ ಝಗಝಗ ಅನ್ನಿಸುತ್ತದೆ. ಪರದೆಯ ಬೆಳಕು ಕಮ್ಮಿ ಮಾಡಿ, ಹಿಸ್ಟೋಗ್ರಾಮ್ ನೋಡಿಯೇ ಎಕ್ಸ್‌ಪೋಶರ್ ನಿರ್ಧರಿಸಬೇಕು.

ಇಲ್ಲಿ 12 ಎಂಎಂ ಯಾಕೆ ಹೊಂದಿಕೊಂಡಿತು ಅಂತ ಆಗ ತಿಳೀತು. ಆಕಾಶಗಂಗೆಯ ನಡುಭಾಗ 28 ಡಿಗ್ರಿಯಲ್ಲೇ ಇರೋದರಿಂದ ಕ್ಯಾಮೆರಾ ಅಡ್ಡ ಹಿಡಿದರೂ ಬೆಟ್ಟ, ವಿಹಾರದ ಅಂಚು, ಆಕಾಶಗಂಗೆ ಮೂರೂ ಒಂದೇ ಚೌಕಟ್ಟಿಗೆ ಬಂದವು. ಕತ್ತಲಾಗುವಷ್ಟರಲ್ಲಿ ನೆಟ್ಟಗೆ ದಕ್ಷಿಣಕ್ಕೆ ಬಂದಿದ್ದದ್ದು, ಮಧ್ಯರಾತ್ರಿ ದಾಟೋ ಹೊತ್ತಿಗೆ ಬೆಟ್ಟದ ಹಿಂದೆ ಇಳಿಯೋಕೆ ಶುರು. ಸಿಗೋದು ಮೂರು ಗಂಟೆ. 20 ಫೋಟೊಗಳ ಒಂದೊಂದು ಸರಣಿ, ಮತ್ತೆ ಜಾಗ ಬದಲು, ಮತ್ತೆ 20. ಫೋಟೊಗಳಲ್ಲಿ ದಿಗಂತದ ಹತ್ತಿರ ತಿಳಿಹಸಿರು ಪಟ್ಟೆಗಳು ಬಂದಿದ್ದವು. ಪುಣೆಯವರು ಲೆನ್ಸಿಗೆ ಏನೋ ಆಗಿದೆ ಅಂದುಕೊಂಡು ಒರೆಸೋಕೆ ಶುರು ಮಾಡಿದರು. ಅದು ವಾತಾವರಣದ ಮೇಲ್ಪದರದ ಆಮ್ಲಜನಕ ತಾನೇ ಸೂಸೋ ಮಂದ ಬೆಳಕು. ಎಲ್ಲಾ ಕಡೆ ಇರುತ್ತದೆ, ಇಂಥ ಕತ್ತಲಲ್ಲಿ ಮಾತ್ರ ಕ್ಯಾಮೆರಾಗೆ ಸಿಗುತ್ತದೆ.

ಆಕಾಶಗಂಗೆ ಇಳಿದ ಮೇಲೆ ಗೆಳೆಯನಿಂದ ಎರವಲು ತಂದಿದ್ದ 50 ಎಂಎಂ ಎಫ್ 1.8 ಲೆನ್ಸ್ ಹಾಕಿದೆ. ಹೌದು, ಫುಲ್‌ಫ್ರೇಮ್ ತಗೋ ಅಂದ ಅದೇ ಗೆಳೆಯ. ಈಶಾನ್ಯದಲ್ಲಿ ಆ್ಯಂಡ್ರೊಮೆಡಾ ಮೇಲೆ ಬಂದಿತ್ತು, ಬರಿಗಣ್ಣಿಗೆ ಒಂದು ಮಸುಕು ಬೆರಳಚ್ಚಿನಂತೆ. 25 ಲಕ್ಷ ಜ್ಯೋತಿರ್ವರ್ಷ ದೂರದ ನಕ್ಷತ್ರಲೋಕ. 4 ಸೆಕೆಂಡಿನ 60 ಫೋಟೊ ತೆಗೆದೆ. ಬಹಳ ಮನೆಗಳಲ್ಲಿ 50 ಎಂಎಂ ಲೆನ್ಸ್ ಆಗಲೇ ಇರುತ್ತದೆ, ಮಗುವಿನ ಫೋಟೊಗೆ ಅಂತ ತಂದದ್ದು. ಅದರಿಂದಲೇ ಶುರು ಮಾಡೋದಕ್ಕೆ ಏನೂ ಅಡ್ಡಿಯಿಲ್ಲ.

‘ಫೋನ್ ಸಾಕಾಗಲ್ವಾ?’ ಅನ್ನೋ ಪ್ರಶ್ನೆಗೂ ಉತ್ತರ ಅವತ್ತೇ ಸಿಕ್ಕಿತು. ಇವಳ ಹತ್ತಿರ ಇರೋದು ಪಿಕ್ಸೆಲ್. 2019ರ ಪಿಕ್ಸೆಲ್ 4ರಿಂದ ಆ ಫೋನ್‌ಗಳಲ್ಲಿ ನಕ್ಷತ್ರಕ್ಕೇ ಅಂತ ಒಂದು ಮೋಡ್ ಇದೆ, ನಾಲ್ಕು ನಿಮಿಷದಲ್ಲಿ 16 ಸೆಕೆಂಡಿನ 15 ಫೋಟೊ ತೆಗೆದು ತಾನೇ ಜೋಡಿಸಿಕೊಡುತ್ತದೆ. ನಾನು ಕಂಪ್ಯೂಟರಿನಲ್ಲಿ ಮಾಡೋದನ್ನೇ ಅದು ಜೇಬಿನಲ್ಲಿ ಮಾಡುತ್ತದೆ. ಕಲ್ಲಿನ ಗೋಡೆಯ ಮೇಲೆ ಬಿಸ್ಕತ್ ಪೊಟ್ಟಣಕ್ಕೆ ಒರಗಿಸಿಟ್ಟು ಅವಳು ತೆಗೆದ ಫೋಟೊ ನಿಜಕ್ಕೂ ಚೆನ್ನಾಗಿತ್ತು, ನನ್ನದಕ್ಕಿಂತ ಮೊದಲು ಫ್ಯಾಮಿಲಿ ಗ್ರೂಪಿಗೆ ಹೋಗಿದ್ದೂ ಅದೇ. ಫೋನಿನ ಪರದೆಯಲ್ಲೇ ನೋಡೋದಾದರೆ ಅಷ್ಟು ಸಾಕು. ಪ್ರಿಂಟ್ ಹಾಕಿಸಬೇಕು, ಒಂದು ಮೂಲೆಯನ್ನು ಹಿಗ್ಗಿಸಿ ನೋಡಬೇಕು ಅಂದಾಗ ಸಣ್ಣ ಲೆನ್ಸಿನ ಮಿತಿ ಗೊತ್ತಾಗುತ್ತದೆ. ಮೊದಲ ಸಲ ಹೋಗೋರು ಫೋನು ಮತ್ತು ಒಂದು ಟ್ರೈಪಾಡ್ ಹಿಡಿದು ಹೋಗಿ, ಈ ಹುಚ್ಚು ನಿಮಗೆ ಹತ್ತುತ್ತಾ ಅಂತ ನೋಡಿಕೊಂಡು ಆಮೇಲೆ ಕ್ಯಾಮೆರಾ ತಗೊಂಡರೂ ನಷ್ಟ ಇಲ್ಲ.

ಆಗಸ್ಟ್ ಆದರೂ ಮೈ ನಡುಗೋ ಚಳಿ. ಚಳಿಗೆ ಬ್ಯಾಟರಿಗಳು ಬೇಗ ಸೋಲುತ್ತವೆ. ಬಳಸದ ಬ್ಯಾಟರಿಗಳನ್ನು ಒಳಜೇಬಿನಲ್ಲಿ ಮೈಗೆ ಒತ್ತಿಕೊಂಡು ಇಟ್ಟುಕೊಳ್ಳಬೇಕು. ಲೆನ್ಸಿನ ಹತ್ತಿರ ಉಸಿರು ಬಿಡಬಾರದು. ರೂಮಿಗೆ ವಾಪಸ್ ಬಂದಾಗ ಕ್ಯಾಮೆರಾವನ್ನು ಬ್ಯಾಗಿನೊಳಗೇ ಮುಚ್ಚಿಟ್ಟು, ಅದು ನಿಧಾನಕ್ಕೆ ಬೆಚ್ಚಗಾಗೋಕೆ ಬಿಡಬೇಕು, ಇಲ್ಲದಿದ್ದರೆ ಒಳಗೆಲ್ಲಾ ಹಬೆ ಕೂರುತ್ತದೆ.

ಊರಿಗೆ ಬಂದು ಸಿರಿಲ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೋಟೊಗಳನ್ನು ಜೋಡಿಸಿದೆ. ವಿಂಡೋಸ್ ಇದ್ದವರಿಗೆ ಸೀಕ್ವೇಟರ್ ಇನ್ನೂ ಸುಲಭ. ಒಂದು ಫೋಟೊದಲ್ಲಿ ಮರಳು ಎರಚಿದ ಹಾಗಿದ್ದ ಆಕಾಶ, 20 ಸೇರಿದ ಮೇಲೆ ನುಣ್ಣಗಾಗಿ, ಆ ಕಪ್ಪು ಬಿರುಕುಗಳ ಕವಲುಗಳು ಒಂದೊಂದಾಗಿ ಕಂಡವು. ಲ್ಯಾಪ್‌ಟಾಪಿನ ಫ್ಯಾನ್ ಕೂಗ್ತಿತ್ತು, ಇವಳು ಹಿಂದೆ ನಿಂತು ನೋಡ್ತಿದ್ದಳು. ಕೆಂಪು ನೀಹಾರಿಕೆಗಳು ಮಾತ್ರ ಮಂಕಾಗಿಯೇ ಉಳಿದವು. ಹೈಡ್ರೋಜನ್ ಸೂಸೋ ಆ ಕೆಂಪನ್ನು ಸಾಮಾನ್ಯ ಕ್ಯಾಮೆರಾಗಳ ಒಳಗಿನ ಫಿಲ್ಟರ್ ಬಹುಪಾಲು ತಡೆದುಬಿಡುತ್ತದೆ. ಅದನ್ನು ತೆಗೆಸಿಹಾಕಿದ ಕ್ಯಾಮೆರಾಗಳಿವೆ, ನಕ್ಷತ್ರದ ಹಿಂದೆಯೇ ತಿರುಗೋ ಟ್ರ್ಯಾಕರ್‌ಗಳಿವೆ. ಟ್ರ್ಯಾಕರ್ ತಗೊಳ್ಳೋ ಯೋಚನೆ ಇದ್ದವರಿಗೆ ಒಂದು ಮಾತು: ಅದನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟು ಕೂರಿಸಬೇಕು, ಬೆಂಗಳೂರಿನಲ್ಲಿ ಧ್ರುವ ಇರೋದು ದಿಗಂತದಿಂದ ಬರೀ 13 ಡಿಗ್ರಿ ಮೇಲೆ, ಅಂದರೆ ಎದುರಿನ ಅಪಾರ್ಟ್‌ಮೆಂಟಿನ ಹಿಂದೆ. ನನಗಂತೂ ಸದ್ಯಕ್ಕೆ ಬೇಡ.

ಈಗ ಕಣ್ಣಿರೋದು ಫೆಬ್ರುವರಿ ಅಮಾವಾಸ್ಯೆಯ ಮೇಲೆ. ಫೆಬ್ರುವರಿ ಕೊನೆಯಲ್ಲಿ ಬೆಳಗಿನ ಜಾವ ಮೂರು ಗಂಟೆಯ ನಂತರ ನಮ್ಮಲ್ಲೂ ಆಕಾಶಗಂಗೆಯ ನಡುಭಾಗ ಆಗ್ನೇಯದಲ್ಲಿ ಏರುತ್ತದೆ, ಏಪ್ರಿಲ್‌ನಲ್ಲಿ ಮಧ್ಯರಾತ್ರಿಯ ಹೊತ್ತಿಗೇ ಕಾಣುತ್ತದೆ. ಮಳೆಗೆ ಮುಂಚಿನ ಈ ಮೂರು ತಿಂಗಳೇ ಕರ್ನಾಟಕದವರ ಸೀಸನ್. ಹಿರಿಯೂರಿನ ಆಚೆ ನಮ್ಮ ತೋಟದ ಆಕಾಶ ಹಾನ್ಲೆಯಷ್ಟು ಕಪ್ಪಲ್ಲ, ಆದರೆ ಆಕಾಶಗಂಗೆ ಅಲ್ಲಿಗಿಂತ 20 ಡಿಗ್ರಿ ಮೇಲೆ ಹೋಗುತ್ತದೆ. ಕ್ಯಾಮೆರಾ ಉದ್ದಕ್ಕೆ ಹಿಡಿಯಬೇಕಾಗುತ್ತೆ, ಲೆನ್ಸ್ ಅದೇ 12 ಎಂಎಂ. ಅಪ್ಪನಿಗೆ ಫೋನ್ ಮಾಡಿ, ಅವತ್ತು ಪಂಪ್‌ಹೌಸ್ ಮುಂದಿನ ಬಲ್ಬ್ ಆರಿಸಬೇಕು ಅಂತ ಹೇಳಿಟ್ಟಿದ್ದೇನೆ. ‘ಕಂಬದ ಲೈಟೂ ಇದೆಯಲ್ಲ, ಅದನ್ನೇನು ಮಾಡ್ತೀಯ?’ ಅಂದರು. ಅದು ಅವರೇ ಸರ್ವಿಸಿನಲ್ಲಿದ್ದಾಗ ಹಾಕಿಸಿದ್ದು.